ಎರ್ಗಾಶ್ ಮನೆಯ ನೀಲಿ ಹಲಗೆಗಳು

ಬುಖಾರಾದ ನಮ್ಮ ಓಣಿಯಲ್ಲಿ ಏನೇ ಕೆಟ್ಟರೂ ಜನ ಮೇಸ್ತ್ರಿ ಹಮ್ದಮ್ ಉಸ್ತಾನ ಬಾಗಿಲು ಬಡಿಯುತ್ತಾರೆ. ಮಾಳಿಗೆಗೆ ಮಣ್ಣು ಮೆತ್ತುವುದು ಅವನ ಕಸುಬು, ಊರವರ ಗುಟ್ಟು ಬಿಡಿಸುವುದು ಅವನ ಚಟ. ಮೂವತ್ತು ವರ್ಷದಿಂದ ಅವನ ಏಣಿ ಹೊರುವ ಕರ್ಮ ನನ್ನದು.

ಆ ಬೆಳಿಗ್ಗೆ ನೇಮತ್ ಬಂದವನೇ ಕೂಗಾಡಿದ. "ಉಸ್ತಾ, ಮಗಳ ಮದುವೆಗೆ ಹೊಲಿಸಿದ ರಜಾಯಿಗಳೆಲ್ಲಾ ಒದ್ದೆ! ಹನ್ನೆರಡು ದಿನದಿಂದ ಒಂದು ಹನಿ ಮಳೆ ಇಲ್ಲ, ಆದ್ರೂ ಮಾಳಿಗೆ ಸೋರ್ತಿದೆ. ಆ ಎರ್ಗಾಶನೇ ನೀರು ಸುರೀತಿದಾನೆ, ಎರಡು ದಿನದಿಂದ ಬೈದ್ರೂ ಬಾಯಿ ಬಿಡಲ್ಲ. ಅವನ ಮನೆಗೆ ಗುಲ್ಚೆಹ್ರಾನ ಕೊಡಲ್ಲ. ಶುಕ್ರವಾರದ ಮದುವೆ ರದ್ದು!"

ಎರ್ಗಾಶ್ ಪಕ್ಕದ ಮನೆಯವನು, ವರನ ತಂದೆ. ಎರಡೂ ಮನೆಗೆ ಸೇರಿ ಒಂದೇ ಮಣ್ಣಿನ ಮಾಳಿಗೆ. ಶರತ್ಕಾಲದಲ್ಲಿ ಅದರ ದುರಸ್ತಿಗೆ ಹೋದಾಗಲೂ ಇವರಿಬ್ಬರ ತಕರಾರು ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿದಿತ್ತು.

ಅಂಗಳದಲ್ಲಿ ಗುಲ್ಚೆಹ್ರಾ ಅಳುತ್ತಾ ರಜಾಯಿ ಹಿಂಡುತ್ತಿದ್ದಳು. ಅವಳ ಅಜ್ಜಿ, ನೇಮತ್‌ನ ತಾಯಿ ಸೊಹಿಬಾ ಬೀಬಿ, ನವ್ರೋಜ್ ಹಬ್ಬದ ಸುಮಲಾಕ್ ಪಾಯಸಕ್ಕೆ ಮೊಳಕೆ ಗೋಧಿ ರುಬ್ಬುತ್ತಿದ್ದಳು. ನಾವು ಮೇಲೆ ಹತ್ತಿದೆವು. ನೇಮತ್‌ನ ಕಡೆ ಚಾಪೆಯಗಲ ಜಾಗ ಮಾತ್ರ ಕೆಸರಾಗಿತ್ತು. ಅಲ್ಲಿ ಗುಬ್ಬಚ್ಚಿಗಳು ಏನನ್ನೋ ಕುಕ್ಕುತ್ತಿದ್ದವು. ಅದರವರೆಗೆ ಯಾರೋ ಎರಡು ನೀಲಿ ಹಲಗೆ ಹಾಸಿದ್ದರು.

"ಇವು ಎರ್ಗಾಶನ ಹಲಗೆ! ಹೆಜ್ಜೆಗುರುತು ಬೀಳದ ಹಾಗೆ ಬಂದಿದಾನೆ ನೋಡಿ," ಎಂದ ನೇಮತ್.

ಉಸ್ತಾ ಕೆಸರನ್ನು ಬೆರಳಲ್ಲಿ ಉಜ್ಜಿ ನೋಡಿ, ಎಲ್ಲರನ್ನೂ ಅಂಗಳಕ್ಕೆ ಕರೆಸಿದ. ಎರ್ಗಾಶ್ ತಲೆ ತಗ್ಗಿಸಿ ಬಂದು ನಿಂತ.

"ನೇಮತ್, ಹಲಗೆ ಎಲ್ಲಿಂದ ಶುರುವಾಗುತ್ತೆ ನೋಡಿದ್ಯಾ? ನಿನ್ನ ಏಣಿ ತಲೆಯಿಂದ. ಎರ್ಗಾಶ್ ಬರೋದಾದ್ರೆ ಅವನ ಕಡೆಯಿಂದ ಹಾಸ್ಕೋಬೇಕಿತ್ತು. ಅಂದ್ರೆ ನೀರು ಹೊತ್ತಿದ್ದು ನಿನ್ನ ಮನೆಯವರು. ಕೆಸರಲ್ಲಿ ಗೋಧಿ ಬೇರಿದೆ, ಗುಬ್ಬಿಗಳು ಬಂದಿದ್ದೂ ಅದಕ್ಕೇ. ದಿನಾ ನೀರು ಚಿಮುಕಿಸಿ, ಬಿಸಿಲು ಬೀಳದ ಹಾಗೆ ಚಾಪೆ ಮುಚ್ಚಿದ್ರೆ ಯಾವ ಮಾಳಿಗೆ ತಡೆಯುತ್ತೆ? ಬೀಬಿ, ಮೊಳಕೆ ಮೇಲಿಟ್ಟಿದ್ದೆಯಾ?"

ಬೀಬಿಯ ಕೈ ನಿಂತಿತು. "ಮದುವೆ ಮನೆ, ಕೋಣೆ ತುಂಬಾ ಜನ. ರುಬ್ಬೋವರೆಗೆ ಮೊಳಕೆಗೆ ಯಾರ ಕಣ್ಣೂ ಬೀಳಬಾರ್ದಲ್ಲಪ್ಪ. ನಾಲ್ಕು ಚೊಂಬು ನೀರಿಗೆ ಸೋರುತ್ತೆ ಅಂತ ನಂಗೇನು ಗೊತ್ತು?"

"ಹಾಗಾದ್ರೆ ಹಲಗೆ?" ಎಂದ ನೇಮತ್.

"ಅದನ್ನ ಎರ್ಗಾಶ್ ಹೇಳ್ಬೇಕು," ಎಂದ ಉಸ್ತಾ. "ಎರಡು ದಿನ ಸುಮ್ಮನೆ ಬೈಸ್ಕೊಂಡ್ಯಲ್ಲೋ ಪುಣ್ಯಾತ್ಮ! ಬಾಯಿಗೇನು ಬೀಗ ಹಾಕಿತ್ತಾ?"

ಎರ್ಗಾಶ್ ಮೆಲ್ಲಗೆ ಹೇಳಿದ. "ಬೀಬಿ ಅಮ್ಮ ಕೆಸರಲ್ಲಿ ಜಾರಿದ್ದನ್ನ ನೋಡ್ದೆ. ಬೀಳಬಾರ್ದು ಅಂತ ಹಲಗೆ ಹಾಸ್ದೆ. ನಾನು ಮೊಳಕೆ ನೋಡಿದೀನಿ ಅಂತ ಗೊತ್ತಾದ್ರೆ ದೃಷ್ಟಿಯಾಯ್ತು ಅಂತ ಅಷ್ಟನ್ನೂ ಚೆಲ್ಲಿಬಿಡ್ತಿದ್ರು. ಮೊಮ್ಮಗಳ ಮದುವೆ ವರ್ಷದ ಸುಮಲಾಕ್. ಮೊಳಕೆ ರುಬ್ಬೋ ಕಲ್ಲು ಸೇರಲಿ, ಆಮೇಲೆ ಹೇಳೋಣ ಅಂತಿದ್ದೆ."

ಬೀಬಿ ಸೆರಗಿಗೆ ಮುಖ ಒತ್ತಿಕೊಂಡಳು. ಬೆಳಗಿನಿಂದ ಕುದಿಯುತ್ತಿದ್ದ ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ನೇಮತ್ ಮುಂದೆ ಬಂದು ಎರ್ಗಾಶನ ಎರಡೂ ಕೈ ಹಿಡಿದುಕೊಂಡ.

"ಬೀಗ್ರೇ," ಎಂದ, "ನನ್ನ ತಾಯಿನ ಹೀಗೆ ಕಾದವರ ಮನೆ ಬಿಟ್ಟು ಮಗಳನ್ನ ಇನ್ಯಾರ ಮನೆಗೆ ಕಳಿಸ್ಲಿ?"