ಬೈಂದೂರಿನ ಲ್ಯಾಬಿಗೆ ಬಂದ ಮಿರರ್

“ಮೇಡಂ, ಮಿರರ್ ಹಾಕುಕೆ ಬಂದದ್ದ್.”

ದನಿ ಕೇಳಿ ಸ್ನೇಹಲತಾ ತಲೆಯೆತ್ತಿದಳು. ಅವಳು ಪಾಠ ಹೇಳುವ ಬೈಂದೂರಿನ ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ಬಾಗಿಲಲ್ಲಿ, ಹೆಗಲಿಗೆ ಬ್ಯಾಗು ನೇತುಹಾಕಿಕೊಂಡು ನಿಂತಿದ್ದವನು ಯೋಗೀಶ್. ಅವನಿಗೂ ಅವಳ ಮುಖ ಕಂಡದ್ದು ಆಗಲೇ.

“ಸ್ನೇಹಾ? ನೀನ್ ಬೊಂಬಾಯಗ್ ಇಲ್ಯಾ?”

“ಬಂದ್ ಸುಮಾರ್ ಸಮಯ ಆಯ್ತ್. ಬ್ರಹ್ಮಾವರದ್ ನೆಟ್‌ವರ್ಕ್ ಅಂಗ್ಡಿಯವ ನೀನೇ ಅಂದ್ ನಂಗ್ ಗೊತ್ತಿರ್ಲಿಲ್ಲೆ.”

ಅಟೆಂಡರ್ ಸೀತು ಒಮ್ಮೆ ಅವನನ್ನು, ಒಮ್ಮೆ ಅವನ ಬ್ಯಾಗನ್ನು ನೋಡಿದಳು. “ಮಿರರ್ ಅಂದ್ರೆ ದೊಡ್ ಕನ್ನಡಿ ಬತ್ತ್ ಅಂದೇಳಿ ಗ್ವಾಡಿ ಒರ್ಸಿ ಇಟ್ಟಿದ್ದೆ, ಮಾರ್ರೆ!”

ಇಬ್ಬರೂ ನಕ್ಕರು. ನಕ್ಕ ಮೇಲೆ ಕೆಲಸ ಶುರುಮಾಡುವುದು ಸುಲಭವಾಯಿತು.

ಲ್ಯಾಬಿನಲ್ಲಿ ಪ್ರತಿ ವಿದ್ಯಾರ್ಥಿಗೂ ಒಂದೊಂದು ವರ್ಚುವಲ್ ಸರ್ವರ್. ಎಲ್ಲವೂ ಒಟ್ಟಿಗೆ ತಮಗೆ ಬೇಕಾದ ತಂತ್ರಾಂಶಗಳನ್ನು, ಅಂದರೆ ಲಿನಕ್ಸ್ ಪ್ಯಾಕೇಜ್‌ಗಳನ್ನು, ಇಳಿಸಿಕೊಳ್ಳತೊಡಗಿದರೆ ಕಾಲೇಜಿನ ಇಂಟರ್ನೆಟ್ ಕೈಕೊಡುತ್ತಿತ್ತು. ನಾಳೆಯೇ ಪ್ರಾಕ್ಟಿಕಲ್ ಪರೀಕ್ಷೆ. ಯೋಗೀಶ್ ತನ್ನ ಅಂಗಡಿಯ ಫೈಬರ್ ಲೈನಿನಲ್ಲಿ ಅಷ್ಟೂ ಪ್ಯಾಕೇಜ್ ಇಳಿಸಿ ಹಾರ್ಡ್ ಡಿಸ್ಕಿನಲ್ಲಿ ತಂದಿದ್ದ. ಅದರ ಪ್ರತಿಯನ್ನು ಲ್ಯಾಬಿನ ಒಂದು ಯಂತ್ರದಲ್ಲಿಟ್ಟರೆ ಮಿಕ್ಕ ಸರ್ವರ್‌ಗಳೆಲ್ಲ ಅಲ್ಲಿಂದಲೇ ತೆಗೆದುಕೊಳ್ಳುತ್ತವೆ, ಹೊರಗಿನ ಇಂಟರ್ನೆಟ್ಟಿನ ಹಂಗಿಲ್ಲ. ಆ ಪ್ರತಿಗೇ ಮಿರರ್ ಎಂದು ಹೆಸರು.

ಕಾಪಿ ಆಗತೊಡಗಿತು. ಇನ್ನು ಕಾಯುವುದಷ್ಟೇ.

ಕಾಯುವುದು ಅವರಿಗೆ ಹೊಸದಲ್ಲ. ಕುಂದಾಪುರದಲ್ಲಿ ಡಿಪ್ಲೊಮಾ ಓದುವಾಗ ಶಾಸ್ತ್ರಿ ಸರ್ಕಲ್ಲಿನಲ್ಲಿ ಅವಳು ವಂಡ್ಸೆಯ ಬಸ್ಸಿಗೆ, ಅವನು ನಾವುಂದದ ಬಸ್ಸಿಗೆ ನಿಲ್ಲುತ್ತಿದ್ದರು. ಅವನ ಬಸ್ಸು ಅರ್ಧ ಖಾಲಿ ಬಂದರೂ “ರಶ್ ಇತ್ತ್” ಎಂದು ಬಿಟ್ಟುಬಿಡುತ್ತಿದ್ದ. ಅವಳು ಕಡಲೆಯ ಪೊಟ್ಟಣದೊಳಗೆ ಮುಖ ಹುದುಗಿಸಿ ನಗುತ್ತಿದ್ದಳು. ಕೊನೆಯ ಪರೀಕ್ಷೆಯ ಸಂಜೆ, ಅಲ್ಲೇ, “ನಿಮ್ಮ ಮನಿಗ್ ಬಂದ್ ಹೆಣ್ಣ್ ಕೇಣ್ಲಾ?” ಎಂದಿದ್ದ. ಇಬ್ಬರ ಜಾತಿ ಬೇರೆ. ಅಪ್ಪನೊಂದಿಗೆ ಮೊದಲು ತಾನೇ ಮಾತಾಡುತ್ತೇನೆ ಎಂದಿದ್ದಳು. ಅಷ್ಟರಲ್ಲಿ ಅಪ್ಪ ಕಾಯಿಲೆ ಬಿದ್ದರು; ಅಣ್ಣನ ಹೋಟೆಲಿದ್ದ ಮುಂಬೈಗೆ ಮನೆಮಂದಿಯೆಲ್ಲ ಹೊರಟರು. ಅಲ್ಲಿಂದ ಅವಳು ಮಾಡಿದ ಫೋನನ್ನು ಅವನು ಒಮ್ಮೆಯೂ ಎತ್ತಲಿಲ್ಲ.

ಸೀತು ಚಹಾ ತರಲು ಹೋದಾಗ ಅವಳು ಕೇಳಿಯೇ ಬಿಟ್ಟಳು. “ಫೋನ್ ಎಂತಕ್ ಎತ್ಲಿಲ್ಲೆ?”

ಯೋಗೀಶ್ ಸ್ಕ್ರೀನಿನಿಂದ ಕಣ್ಣು ತೆಗೆಯಲಿಲ್ಲ. “ವಂಡ್ಸೆಗ್ ಬಂದಿದ್ದೆ. ಮನಿಯಂಗ್ ಯಾರೂ ಇರ್ಲಿಲ್ಲೆ. ಪಕ್ಕದ್ ಮನಿ ಚಂದಯ್ಯ, ‘ಹುಡ್ಗಿಗ್ ಬೊಂಬಾಯಗೆ ಗಂಡ್ ಗೊತ್ತಾಯ್ತ್’ ಅಂದ್ರ್. ಮತ್ತೆ ಎಂತ ಮಾತಾಡುದ್?”

“ಅದ್ ನನ್ ಅಕ್ಕ ಅಮಿತಂಗೆ! ನಂಗಲ್ಲ!” ಎಂದಳು ಸ್ನೇಹಲತಾ. “ಒಂದ್ಸಲ ಎತ್ತಿದ್ರೆ ಹೇಳ್ತಿದ್ದೆ.”

ಅವನು ನಿಧಾನಕ್ಕೆ ಅವಳತ್ತ ತಿರುಗಿದ. ಹಳೆಯ ಹುಡುಗನ ಕಣ್ಣುಗಳೇ. ಸುತ್ತ ಮಾತ್ರ ಸಣ್ಣ ಗೆರೆಗಳು ಬಂದಿದ್ದವು. ಅವಳಿಗೆ ಆ ಗೆರೆಗಳನ್ನು ಬೆರಳಿಂದ ಒರೆಸಿಬಿಡಬೇಕೆನಿಸಿತು.

ಕಾಪಿ ಮುಗಿಯಿತು. ಮೊದಲ ಸರ್ವರ್‌ನಲ್ಲಿ ಅಪ್‌ಡೇಟ್ ಕೊಟ್ಟರೆ ಅರ್ಧಕ್ಕೇ ನಿಂತಿತು. ಅವನು ಕೇಬಲ್ ಕಿತ್ತು ಹಾಕಿದ, ಮತ್ತೆ ಶುರುಮಾಡಿದ. ಹಣೆಯಲ್ಲಿ ಬೆವರು. ಸ್ನೇಹಲತಾ ಅವನ ಭುಜದ ಪಕ್ಕ ಬಗ್ಗಿ ಓದಿದಳು.

“ಕಾಣ್, ಸೆಕ್ಯುರಿಟಿ ಅಪ್‌ಡೇಟಿನ್ ಸಾಲ್ ಇನ್ನೂ ಹೊರ್ಗಿನ್ ವಿಳಾಸಕ್ಕೇ ಹೋತಾ ಇತ್ತ್.”

ಆ ಸಾಲನ್ನು ಅವಳೇ ತಿದ್ದಿ ಲ್ಯಾಬಿನ ಯಂತ್ರದ ವಿಳಾಸ ಹಾಕಿದಳು. ಪ್ಯಾಕೇಜುಗಳು ಸರಸರನೆ ಇಳಿದವು.

“ಮುಂಚೆಯೂ ನನ್ ತಪ್ಪ್ ನೀನೇ ಹಿಡಿತಿದ್ದೆ,” ಎಂದ ಅವನು.

“ಒಂದ್ ತಪ್ಪ್ ಹಿಡುಕೆ ತಡ ಆಯ್ತ್.” ಕೀಬೋರ್ಡ್ ನೋಡುತ್ತಲೇ ಕೇಳಿದಳು: “ಮದಿ?”

“ಆಯ್ಲಿಲ್ಲೆ. ಹುಡ್ಗಿ ತೋರ್ಸಿ ತೋರ್ಸಿ ಅಮ್ಮ ಸೋತ್ರ್. ನಿಂಗೆ?”

“ನಾಡ್ದ್ ಒಬ್ರ್ ನೋಡುಕೆ ಬತ್ರ್.”

ಅವನ ಮುಖದ ನಗು ಮಾಸಿತು. ಬ್ಯಾಗಿನ ಪಟ್ಟಿ ಹಿಡಿದ, ಬಿಟ್ಟ. “ನಾಡ್ದ್ ತನ್ಕ ನಂಗ್ ಕಾವುಕಾತಿಲ್ಲೆ. ಇವತ್ತೇ ನಿಮ್ಮನಿಗ್ ಬತ್ತೆ. ಬಪ್ಪುದಾ?”

ಅವಳು ಫೋನ್ ತೆಗೆದು ವಂಡ್ಸೆಯಲ್ಲಿದ್ದ ಅಮ್ಮನಿಗೆ ಹಚ್ಚಿದಳು.

“ಅಮ್ಮಾ, ನಾಡ್ದ್ ಬಪ್ಪವ್ರಿಗೆ ಬ್ಯಾಡ ಅಂದ್ಹೇಳ್. ಇವತ್ತ್ ನನ್ನೊಟ್ಟಿಗೆ ಒಬ್ರ್ ಊಟಕ್ಕೆ ಬತ್ರ್.”

“ಯಾರ್ ಹೆಣೆ ಅದ್?” ಅಮ್ಮ ಮಗಳನ್ನು ಕೇಳಿದರು.

ಯೋಗೀಶ್ ಬ್ಯಾಗಿನ ಪಟ್ಟಿಯನ್ನು ಮತ್ತೆ ಹಿಡಿದ. ಸ್ನೇಹಲತಾ ಅವನನ್ನು ಕಣ್ತುಂಬ ನೋಡಿದಳು.

“ನಾನ್ ಮದಿ ಆಪ್ ಹುಡ್ಗ,” ಎಂದಳು.