ಪಕ್ಕಕ್ಕೆ ಬನ್ನಿ

ಅವನು ಅವಳಿಗೆ ಹೇಳಿದ ಮೊದಲ ಮಾತೇ ಅದು. "ಮೇಡಂ, ಸ್ವಲ್ಪ ಪಕ್ಕಕ್ಕೆ ಬನ್ನಿ."

ಪಾರ್ಕಿನ ಹುಲ್ಲಿನ ಮೇಲೆ ಮಂಡಿಯೂರಿ, ಬೆಂಚಿನ ಕಾಲಿಗೆ ಅಂಟಿದ್ದ ಹಣ್ಣೆಲೆಯೊಂದನ್ನು ಕ್ಯಾಮೆರಾದಲ್ಲಿ ಹಿಡಿಯಲು ಅವಳು ಒದ್ದಾಡುತ್ತಿದ್ದಳು. ತಲೆಯೆತ್ತಿದರೆ ತುಸು ದೂರದಲ್ಲಿ ಒಬ್ಬ ಉದ್ದನೆಯ ಆಸಾಮಿ, ಮುಖದ ತುಂಬ ಕ್ಯಾಮೆರಾ. ಅವಳ ಬೆನ್ನ ಹಿಂದೆ ಟ್ರಾಮ್ ಹಳಿ. ಅವನಿಗೆ ಬೇಕಾಗಿದ್ದದ್ದು ಟ್ರಾಮು, ಇವಳು ಅದಕ್ಕೆ ಅಡ್ಡ. ಎದ್ದು ಮಂಡಿ ಕೊಡವಿಕೊಂಡು ಒಂದು ಮರದ ಹಿಂದೆ ಹೋಗಿ ನಿಂತಳು.

ಟ್ರಾಮು ಬಂತು, ಹೋಯಿತು. ಕ್ಯಾಮೆರಾ ಇಳಿದಾಗ ಅದರ ಹಿಂದೆ ಒಂದು ನಗು ಇತ್ತು. ಆ ನಗು ಇಲ್ಲದಿದ್ದರೆ ಈ ಕಥೆಯೂ ಇಲ್ಲ, ಅವಳ ಹೊಟ್ಟೆಗೆ ಬೆಂಕಿ ಬೀಳುವ ಪ್ರಸಂಗವೂ ಇಲ್ಲ.

ಅವನ ಹಿಂದೆಯೇ ಅವಳು ಭಾನುವಾರದ ಕ್ಯಾಮೆರಾ ಕೂಟಕ್ಕೆ ಸೇರಿದಳು. ಸೇರಿದ್ದು ಎಲೆಗಳಿಗಾಗಿ ಎಂದು ಅಕ್ಕನಿಗೆ ಹೇಳಿದ್ದಳು. ಕೂಟದಲ್ಲಿ ಯಾರೂ ದೊಡ್ಡ ಫೋಟೋಗ್ರಾಫರುಗಳಲ್ಲ. ವಾರವೆಲ್ಲ ದುಡಿದು, ರಜೆ ಸಿಕ್ಕಾಗ ರೈಲು ಹತ್ತಿ, ಯಾವುದೋ ಊರಿನ ಪಾರ್ಕು, ಬಸ್ಸು, ಟ್ರಾಮುಗಳ ಮುಂದೆ ಕತ್ತು ನೋಯಿಸಿಕೊಂಡು ಬರುವ ಜನ. ಅಲ್ಲಿ ಅವರವರ ಕೆಲಸವೇ ಅಡ್ಡಹೆಸರು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಇವಳು 'ಎಕ್ಸ್‌ರೇ ಮೇಡಂ'. ಲ್ಯಾಬಿನಲ್ಲಿ ಕೂತು ಕಟ್ಟುಹಲ್ಲು ತಯಾರಿಸುವ ಅವನು 'ಹಲ್ಲಿನವನು'. ಪರರ ಹಲ್ಲು ಕೆತ್ತಿ ಕೆತ್ತಿ ಪಳಗಿದ ಕೈಯಲ್ಲಿ ಅವನು ಮನೆಯಲ್ಲಿ ಪುಟ್ಟ ಪುಟ್ಟ ಟ್ರಾಮುಗಳನ್ನು ಮಾಡುತ್ತಾನೆ ಎಂದು ಯಾರೋ ಹೇಳಿದ್ದರು. ಅವನಾಗಿ ಏನನ್ನೂ ಹೇಳುವವನಲ್ಲ. ಅವಳನ್ನು ಕಂಡರಂತೂ ಬಾಯಿಗೆ ಬೀಗ.

ಆದರೆ ಆ ಒಂದು ಮಾತು ಮಾತ್ರ ತಪ್ಪುತ್ತಿರಲಿಲ್ಲ. ಯಾವ ಊರಿಗೆ ಹೋದರೂ, ಯಾವ ತಿರುವಿನಲ್ಲಿ ನಿಂತರೂ, ಕಣ್ಣು ಕ್ಯಾಮೆರಾದಿಂದ ತೆಗೆಯದೆ, "ಪಕ್ಕಕ್ಕೆ ಬನ್ನಿ" ಎನ್ನುತ್ತಿದ್ದ. ಅವಳು ಸರಿಯುತ್ತಿದ್ದಳು. ಸರಿದೂ ಸರಿದೂ ಒಮ್ಮೆ ಪಾರ್ಕಿನ ಗೇಟಿನಿಂದಲೇ ಆಚೆ ಹೋಗಿದ್ದಳು.

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಆಮೇಲೆ ಕೂಟಕ್ಕೆ ಹೂವಿನಂಗಡಿಯವಳು ಬಂದಳು.

ಕೆಂಪು ಕೋಟು, ಬಾಯಿ ತುಂಬ ಮಾತು, ಎಲ್ಲರಿಗೂ ಮೊದಲ ದಿನದಿಂದಲೇ ಏಕವಚನ. ಹಲ್ಲಿನವನು ಅವಳನ್ನು ಟ್ರಾಮ್ ಸ್ಟಾಪಿನ ಕಂಬದ ಬಳಿ ನಿಲ್ಲಿಸಿದ. ಮುಂದಿನ ಊರಲ್ಲಿ ಬಸ್ಸಿನ ಬಾಗಿಲ ಬಳಿ ನಿಲ್ಲಿಸಿದ. ಆಮೇಲೆ ಅವನ ಫೋಟೋಗಳಲ್ಲಿ ಚಕ್ರವಿದ್ದಲ್ಲೆಲ್ಲ ಕೆಂಪು ಕೋಟೂ ಇರತೊಡಗಿತು.

"ಅವಳನ್ನ ನಿಲ್ಲಿಸ್ತಾನೆ, ನನ್ನನ್ನ ಸರಿಸ್ತಾನೆ," ಎಂದಳು ಎಕ್ಸ್‌ರೇ, ಒಂದು ರಾತ್ರಿ ಊಟದ ತಟ್ಟೆಯ ಮುಂದೆ.

ಅಕ್ಕ ಹೊಲಿಗೆ ಯಂತ್ರದ ಮೇಲಿಂದ ತಲೆಯೆತ್ತಲಿಲ್ಲ. "ಸರಿಸಿದ್ರೆ ಸರಿಸಲಿ ಬಿಡು. ನೀನು ಎಲೆ ತೆಗೆಯೋಕೆ ತಾನೇ ಹೋಗೋದು?"

"ಹೌದು. ಆದ್ರೂ ಅವಳಿಗೆ 'ನಿಲ್ಲು' ಅಂತಾನೆ ಅಕ್ಕ, ನನಗೆ 'ಬನ್ನಿ'. ಅವಳು 'ನೀನು', ನಾನು 'ನೀವು'. ನಾನೇನು ಅವನ ಲ್ಯಾಬಿಗೆ ಹಲ್ಲು ಕಟ್ಟಿಸ್ಕೊಳ್ಳೋಕೆ ಬಂದವಳಾ?"

"ಇದಕ್ಕೆ ಹೊಟ್ಟೆಕಿಚ್ಚು ಅಂತಾರೆ. ನಿನ್ನ ಎಕ್ಸ್‌ರೇಲಿ ಕಾಣಲ್ಲ ಅಷ್ಟೆ." ಅಕ್ಕ ಹಲ್ಲಿನಿಂದ ದಾರ ಕಡಿದಳು. "ಇಷ್ಟ ಇದ್ರೆ ಹೋಗಿ ಕೇಳು. ಇಲ್ಲ ಅಂದ್ರೆ ಊಟ ಮಾಡು, ಆರಿ ಹೋಗ್ತಿದೆ."

ಕೇಳುವುದೆಂದರೆ ಏನು ಕೇಳುವುದು? ಅವನು 'ಹೌದು, ಅವಳೇ' ಎಂದುಬಿಟ್ಟರೆ ಭಾನುವಾರಗಳೂ ಕೈಬಿಟ್ಟು ಹೋಗುತ್ತವೆ. ಕೇಳದಿದ್ದರೆ ಭಾನುವಾರಗಳಾದರೂ ಉಳಿಯುತ್ತವೆ. ಹಾಗೆಂದುಕೊಂಡು ಸುಮ್ಮನಿದ್ದಳು. ಸುಮ್ಮನಿದ್ದಷ್ಟೂ ಒಳಗೆ ಉರಿ ಹೆಚ್ಚಿತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ, ಇವಳಿಗೆ ಕಂಡದ್ದೆಲ್ಲ ಕೆಂಪು. ರಸ್ತೆಯ ಸಿಗ್ನಲ್ ದೀಪದ ಮೇಲೂ ಸಿಟ್ಟು ಬರತೊಡಗಿತು.

ಹೀಗಿರುವಾಗ ಆ ಮರದ ಟ್ರಾಮಿನ ಸುದ್ದಿ ಬಂತು. ನೆರೆಯ ಊರಿನಲ್ಲಿ ಉಳಿದಿದ್ದ ಒಂದೇ ಒಂದು ಹಳೆಯ ಟ್ರಾಮು. ಮರದ ಸೀಟು, ಕೈಯಲ್ಲಿ ಎಳೆಯುವ ಗಂಟೆ. ಆ ಭಾನುವಾರ ಕೊನೆಯ ಬಾರಿಗೆ ಓಡಿ ಮ್ಯೂಸಿಯಂ ಸೇರುತ್ತದಂತೆ. ಹಲ್ಲಿನವನು ವಾರವಿಡೀ ನಿದ್ದೆಗೆಟ್ಟಿದ್ದ. ರೈಲಿನಲ್ಲಿ ಎದುರು ಕೂತಿದ್ದ ಅವನ ಕೆಂಪೇರಿದ ಕಣ್ಣು ನೋಡಿ ಅವಳಿಗೆ ಪಾಪ ಅನ್ನಿಸಿತು. ಅವನು ಒಮ್ಮೆ ಅವಳತ್ತ ನೋಡಿದ, ಏನೋ ಹೇಳಲು ಬಾಯಿ ತೆರೆದ, ಆಮೇಲೆ ಕಿಟಕಿಯ ಕಡೆ ತಿರುಗಿ ಲೆನ್ಸ್ ಒರೆಸತೊಡಗಿದ. ಒರೆಸಿದ್ದನ್ನೇ ಒರೆಸುತ್ತಿದ್ದ.

ಪಾರ್ಕಿನ ಅಂಚಿನಲ್ಲಿ ಹಳಿ ತಿರುಗುವ ಜಾಗ ಅವನಿಗೆ ಮೆಚ್ಚುಗೆಯಾಯಿತು. ಎರಡೂ ಕಡೆ ಮರ, ಎಲೆಗಳ ನಡುವೆ ಸೋಸಿ ಬಂದ ಬಿಸಿಲು. ಕೆಂಪು ಕೋಟು ಸ್ಟಾಪಿನ ಕಂಬದ ಬಳಿ ಹಾಜರು. ಎಕ್ಸ್‌ರೇ ಹಳಿಯ ಈಚೆ ಕಾಲುದಾರಿಯಲ್ಲಿ, ಬೇಲಿಗೆ ಹಬ್ಬಿದ ಬಳ್ಳಿಯೊಂದರ ಫೋಟೋ ತೆಗೆಯುವ ನಾಟಕವಾಡುತ್ತಿದ್ದಳು.

ದೂರದಲ್ಲಿ ಗಂಟೆ ಕೇಳಿಸಿತು.

"ಎಕ್ಸ್‌ರೇ ಮೇಡಂ, ಪಕ್ಕಕ್ಕೆ ಬನ್ನಿ," ಎಂದ ಅವನು, ಕಣ್ಣು ಕ್ಯಾಮೆರಾದಲ್ಲಿ. ಆಮೇಲೆ ಕಂಬದ ಕಡೆಗೆ, "ನೀನು ಅಲ್ಲಾಡ್ಬೇಡ. ಸರಿಯಾಗಿದ್ದೀಯ."

ಅಲ್ಲಾಡ್ಬೇಡ. ಅದು ಇವಳ ಮಾತು. ದಿನವಿಡೀ ಆಸ್ಪತ್ರೆಯ ಕತ್ತಲೆ ಕೋಣೆಯಲ್ಲಿ, ಅಲ್ಲಾಡ್ಬೇಡಿ, ಉಸಿರು ಹಿಡ್ಕೊಳ್ಳಿ, ಹಾಂ, ಈಗ ಬಿಡಿ ಎಂದು ಹೇಳಿ ಸವೆದ ಮಾತು. ಅದನ್ನೂ ತೆಗೆದು ಅವಳಿಗೇ ಕೊಟ್ಟನಲ್ಲ ಎಂದು ಇವಳ ಮೈಯೆಲ್ಲ ಉರಿದುಹೋಯಿತು.

ಅವಳು ಪಕ್ಕಕ್ಕೆ ಸರಿಯಲಿಲ್ಲ. ಕಾಲುದಾರಿಯಲ್ಲಿ ನೇರವಾಗಿ ನಡೆದು, ಅವನ ಕ್ಯಾಮೆರಾದ ಮೂಗಿನ ಮುಂದೆ ನಿಂತು, ಶೂ ಲೇಸ್ ಕಟ್ಟಿಕೊಳ್ಳಲು ಬಗ್ಗಿದಳು. ಅವಳ ಶೂಗೆ ಲೇಸೇ ಇರಲಿಲ್ಲ.

ಬೆನ್ನ ಹಿಂದೆ ಟ್ರಾಮು ಗಂಟೆ ಹೊಡೆಯುತ್ತಾ ತಿರುಗಿ, ಮರಗಳ ನಡುವೆ ಮರೆಯಾಯಿತು.

ಕೋಪದಲ್ಲಿ ಕೊಯ್ದುಕೊಂಡ ಮೂಗು ಕೋಪ ಇಳಿದ ಮೇಲೆ ಬರುತ್ತದೆಯೇ? ಅವಳು ಎದ್ದು ನಿಂತಳು. ಹಲ್ಲಿನವನು ಕ್ಯಾಮೆರಾ ಇಳಿಸಿದ್ದ. ಅದರ ಹಿಂದೆ ಈ ಸಲ ನಗು ಇರಲಿಲ್ಲ. ಹೋಗಿ ಬೆಂಚಿನ ಮೇಲೆ ಕೂತ.

ಮೊದಲು ಹತ್ತಿರ ಬಂದದ್ದು ಹೂವಿನವಳು. "ಹೋಯ್ತಾ ಫೋಟೋ? ಹೋಗಲಿ ಬಿಡು. ಇನ್ನಾದ್ರೂ ನನ್ನ ಕಾಲಿಗೆ ಬಿಡುವು."

"ನಿಮಗೆ ಬೇಜಾರಿಲ್ವಾ?"

"ನನಗ್ಯಾಕೆ? ನಾನು ಅವನ ಅಳತೆಕೋಲು ಕಣೇ. ನಾನು ಸರಿಯಾಗಿ ಐದಡಿ. ಪಕ್ಕದಲ್ಲಿ ನಿಂತ್ರೆ ಚಕ್ರ ಎಷ್ಟು, ಬಾಗಿಲು ಎಷ್ಟು ಅಂತ ಲೆಕ್ಕ ಸಿಗುತ್ತಂತೆ, ಮನೇಲಿ ಬೊಂಬೆ ಟ್ರಾಮು ಮಾಡೋಕೆ. ನನ್ನ ಗಂಡನಿಗೆ ಹೇಳಿದ್ರೆ, 'ಕೊನೆಗೂ ಎತ್ತರಕ್ಕೆ ಒಂದು ಕೆಲಸ ಸಿಕ್ತು' ಅಂತ ನಕ್ಕ." ಅವಳು ಇವಳ ಮುಖ ನೋಡಿದಳು, ಶೂ ನೋಡಿದಳು, ಮತ್ತೆ ಮುಖ ನೋಡಿದಳು. "ಅಯ್ಯೋ ಹುಚ್ಚಿ. ಹೋಗು, ಹೋಗಿ ಮಾತಾಡು."

ಅವಳು ಹೋಗಿ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು.

"ಬೇಕಂತಲೇ ಮಾಡಿದೆ," ಎಂದಳು.

"ಗೊತ್ತಾಯ್ತು. ಲೇಸಿಲ್ಲ."

"ಅವಳನ್ನ ನಿಲ್ಲಿಸ್ತೀರಿ. ನನಗೆ ಮಾತ್ರ ಯಾವಾಗ್ಲೂ ಆಚೆ ಹೋಗಿ ಅಂತೀರಿ."

"ನಾನ್ಯಾವಾಗ ಆಚೆ ಹೋಗಿ ಅಂದೆ?" ಅವನ ದನಿಯಲ್ಲಿ ನಿಜವಾದ ಸಿಟ್ಟಿತ್ತು. "ಪ್ರತಿ ಸಲ ಪಕ್ಕಕ್ಕೆ ಬನ್ನಿ, ಪಕ್ಕಕ್ಕೆ ಬನ್ನಿ ಅಂತ ಕರೀತೀನಿ. ನೀವು ಒಂದ್ಸಲನಾದ್ರೂ ಬಂದ್ರಾ? ಮರದ ಹಿಂದೆ ಹೋಗ್ತೀರಿ. ಗೇಟಿನಾಚೆ ಹೋಗ್ತೀರಿ."

"ಪಕ್ಕಕ್ಕೆ ಅಂದ್ರೆ ಇನ್ನೆಲ್ಲಿಗೆ ಹೋಗ್ಬೇಕು?"

"ನನ್ನ ಪಕ್ಕಕ್ಕೆ."

ಹೇಳಿಬಿಟ್ಟ ಮೇಲೆ ಅವನಿಗೇ ಗಾಬರಿಯಾಯಿತು. ಕ್ಯಾಮೆರಾದ ಪಟ್ಟಿಯನ್ನು ಬೆರಳಿಗೆ ಸುತ್ತಿದ, ಬಿಚ್ಚಿದ. "ಮೊದಲ ದಿನ ನಿಜವಾಗ್ಲೂ ಸರ್ಕೊಳ್ಳಿ ಅಂತಲೇ ಹೇಳಿದ್ದು, ಸುಳ್ಳು ಯಾಕೆ ಹೇಳಲಿ. ಆಮೇಲೆ ಹೇಳಿದ್ದೆಲ್ಲ ಇದೇ. 'ನನ್ನ' ಅನ್ನೋದೊಂದೇ ಬಾಯಿಗೆ ಬರ್ತಿರಲಿಲ್ಲ. ನಾನು ನಿಂತಲ್ಲಿಂದ ಹೇಗೆ ಕಾಣುತ್ತೆ ಅಂತ ನಿಮಗೆ ತೋರಿಸ್ಬೇಕು ಅಂತ..."

ಎಕ್ಸ್‌ರೇಗೆ ನಗು ಬಂತು, ಅದರ ಜೊತೆಗೇ ಕಣ್ಣಲ್ಲಿ ನೀರು ಬಂತು. ಆದರೂ ಹೊಟ್ಟೆಕಿಚ್ಚು ಅಷ್ಟು ಸುಲಭಕ್ಕೆ ಆರುವಂಥದ್ದಲ್ಲ. "ಅಳತೆಗೆ ನನ್ನನ್ನೇ ನಿಲ್ಲಿಸಬಹುದಿತ್ತಲ್ಲ?"

"ನೀವು ಅಲ್ಲಿ ನಿಂತ್ರೆ ಟ್ರಾಮು ಯಾರು ನೋಡ್ತಾರೆ?"

ಅವಳು ತನ್ನ ಲೇಸಿಲ್ಲದ ಶೂಗಳನ್ನೇ ನೋಡುತ್ತಾ ಕೂತಳು.

"ನಿಮ್ಮ ಟ್ರಾಮು ಹೋಯ್ತು," ಎಂದಳು ಕೊನೆಗೆ, ಮೆಲ್ಲಗೆ. "ನನ್ನಿಂದ."

"ಇದೇ ದಾರೀಲಿ ವಾಪಸ್ ಬರ್ಬೇಕು. ಶೆಡ್ಡು ಈ ಕಡೆ ಇರೋದು." ಅವನು ಹಳಿಯ ತುದಿಯನ್ನು ನೋಡಿದ. "ಅದೇ ಕೊನೇ ಸಲ."

ಟ್ರಾಮು ಬಂದಾಗ ಹೂವಿನವಳು ಯಾರೂ ಕರೆಯದೆ ಹೋಗಿ ಕಂಬದ ಬಳಿ ನಿಂತಿದ್ದಳು. ಎಕ್ಸ್‌ರೇ ತಾನಾಗಿಯೇ ಎದ್ದು, ಹಳಿಯ ಬಳಿ ನಿಂತಿದ್ದ ಅವನ ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ನಿಂತಳು. ಅವನು ಕ್ಯಾಮೆರಾ ಎತ್ತಿದ. ಅರ್ಧಕ್ಕೆ ನಿಲ್ಲಿಸಿದ. ಲೆನ್ಸಿಗೆ ಮುಚ್ಚಳ ಹಾಕಿ ಚೀಲಕ್ಕೆ ಸೇರಿಸಿದ.

"ಹತ್ತೋಣ್ವಾ?" ಎಂದ. "ಎಷ್ಟೊಂದು ಟ್ರಾಮಿನ ಫೋಟೋ ತೆಗೆದಿದ್ದೀನಿ. ಒಂದರಲ್ಲೂ ಸುಮ್ಮನೆ ಕೂತು ಹೋಗಿಲ್ಲ."

ಒಳಗೆ ಇಬ್ಬರು ಕೂರುವ ಮರದ ಸೀಟುಗಳು, ಕೂತವರ ಬೆನ್ನು ತಾಗಿ ತಾಗಿ ನುಣುಪಾದವು. ಅವಳು ಕಿಟಕಿಯ ಬಳಿ ಕೂತಳು. ಹೊರಗೆ ಕೆಂಪು ಕೋಟು ಎರಡೂ ಕೈ ಬೀಸುತ್ತಿತ್ತು. ಇವಳೂ ಬೀಸಿದಳು. ಬೀಸುತ್ತಲೇ, ತಿರುಗದೆ ಹೇಳಿದಳು:

"ಇನ್ಮೇಲೆ ಅವಳಿಗೆ 'ನೀವು' ಅನ್ಬೇಕು."

"ಆಯ್ತು. ನಿಮಗೆ?" ಎಂದ ಅವನು. ಮೇಲಿನ ಹಿಡಿಕೆ ಹಿಡಿದುಕೊಂಡು, ಕೂರಲೋ ಬೇಡವೋ ಎಂದು ತಿಳಿಯದೆ ಇನ್ನೂ ನಿಂತೇ ಇದ್ದ.

ಅವಳು ಸೀಟಿನ ಖಾಲಿ ಜಾಗವನ್ನು ಅಂಗೈಯಿಂದ ಒರೆಸಿದಳು.

"ಪಕ್ಕಕ್ಕೆ ಬಾ," ಎಂದಳು.

ಅವನು ಕೂತ. ಗಂಟೆ ಹೊಡೆಯಿತು, ಟ್ರಾಮು ಕದಲಿತು. ಎಲೆಗಳ ನೆರಳು ಇಬ್ಬರ ಮಡಿಲ ಮೇಲೂ ಹರಿಯತೊಡಗಿತು. ಅವನು ಅಲ್ಲಾಡಲಿಲ್ಲ. ಉಸಿರು ಬಿಗಿಹಿಡಿದು, ಮುಂದೆ ನೋಡುತ್ತಾ, ಕಲ್ಲಿನಂತೆ ಕೂತಿದ್ದ. ಇಂಥವರನ್ನು ದಿನವೂ ನೋಡುವವಳು ಅವಳು. ಅವನ ಕೈ ಹಿಡಿದುಕೊಂಡಳು.

"ಹಾಂ," ಎಂದಳು. "ಈಗ ಉಸಿರು ಬಿಡು."