ಪಶ್ಚಿಮ ಕ್ಯಾಂಪಸ್ಸಿನ ಗೇಟಿನಿಂದ ಬಂದ ಕರೆ

ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ವಿಶ್ವವಿದ್ಯಾಲಯದ ಕುಲಸಚಿವರು ಖುದ್ದಾಗಿ ಠಾಣೆಗೆ ಬಂದು ದೂರು ಕೊಟ್ಟರು. ಪ್ರವೇಶ ಪರೀಕ್ಷೆಗೆ ಇನ್ನೇನು ಗಂಟೆ ಹೊಡೆಯಬೇಕು ಅನ್ನುವಾಗ, ಪೂರ್ವ ಕ್ಯಾಂಪಸ್ಸಿನ ಸಭಾಂಗಣದಲ್ಲಿ ಬಾಂಬ್ ಇದೆಯೆಂದು ಯಾರೋ ಫೋನ್ ಮಾಡಿದ್ದರು. ಬಾಂಬ್ ಸಿಗಲಿಲ್ಲ. ಆದರೆ ನೂಕುನುಗ್ಗಲಿನಲ್ಲಿ ಹಿರಿಯ ಮೇಷ್ಟ್ರೊಬ್ಬರು ಮೆಟ್ಟಿಲಿನಿಂದ ಉರುಳಿ ಸೊಂಟ ಮುರಿದುಕೊಂಡಿದ್ದರು. ಪರೀಕ್ಷೆಯನ್ನು ಗುರುವಾರಕ್ಕೆ ಮುಂದೂಡಲಾಗಿತ್ತು.

ಎಫ್‌ಐಆರ್ ದಾಖಲಿಸಿ ಇನ್‌ಸ್ಪೆಕ್ಟರ್ ಮೇಡಂ ಆಸ್ಪತ್ರೆಗೆ ಹೋದರು.

“ಇವರು ಮತ್ತೆ ನಡೀತಾರಾ ಅಂತ ಕೇಳಿದ್ರೆ ಡಾಕ್ಟ್ರು ನೆಲ ನೋಡ್ತಾರೆ,” ಎಂದರು ಮೇಷ್ಟ್ರ ಹೆಂಡತಿ.

ಅಂದಿನಿಂದ ಮೇಡಂ ಹಿಡಿದ ಪಟ್ಟು ಬಿಡಲಿಲ್ಲ.

ಓದದೆ ಬಂದ ಪೋಲಿಯೊಬ್ಬನ ಕಿತಾಪತಿ ಇದು ಎಂದು ಕಾನ್‌ಸ್ಟೇಬಲ್ ಆಗಲೇ ತೀರ್ಪು ಕೊಟ್ಟಿದ್ದ. ಬಾಯಿಗೆ ಬಿಡುವಿಲ್ಲದ ಅವನನ್ನು ಠಾಣೆಯವರು ರೇಡಿಯೋ ಎನ್ನುತ್ತಿದ್ದರು. ಪರೀಕ್ಷಾರ್ಥಿಗಳನ್ನು ಜಾಲಾಡಿದ್ದಷ್ಟೇ ಬಂತು. ಬುಧವಾರ ಕರೆಯ ಜಾಡು ಸಿಕ್ಕಿತು: ಊರಿನ ಇನ್ನೊಂದು ತುದಿಯಲ್ಲಿ, ಪಶ್ಚಿಮ ಕ್ಯಾಂಪಸ್ಸಿನ ಗೇಟಿನೆದುರಿನ ಜೆರಾಕ್ಸ್ ಅಂಗಡಿಯ ಫೋನು. ಸ್ಥಳ ಪಂಚನಾಮೆ ಮುಗಿಸಿ ಮೇಡಂ ಅಂಗಡಿಯವನನ್ನು ಕೂರಿಸಿಕೊಂಡರು.

“ಯಾರು ಮಾಡಿದ್ದು?”

“ಗುರುತಿಲ್ಲ ಮೇಡಂ. ತನ್ನ ಫೋನಲ್ಲಿ ಚಾರ್ಜ್ ಇಲ್ಲ ಅಂದ.”

“ಜೊತೇಲಿ?”

“ಹೊರಗೆ ಸ್ಕೂಟರ್ ಹತ್ರ ಒಂದು ಹುಡುಗಿ ಅಳ್ತಾ ನಿಂತಿತ್ತು.”

ಪ್ರತಿ ಪರೀಕ್ಷೆಗೂ ಒಂದಿಬ್ಬರು ಕ್ಯಾಂಪಸ್ ತಪ್ಪಿ ಇಲ್ಲಿಗೆ ಬರುತ್ತಾರೆ ಎಂದು ಕಾವಲುಗಾರ ಹೇಳಿದ. ಮೇಡಂಗೆ ಅಷ್ಟು ಸಾಕಾಯಿತು. ಗೇಟಿನ ಕ್ಯಾಮೆರಾದಲ್ಲಿ ಸ್ಕೂಟರಿನ ನಂಬರ್ ಸಿಕ್ಕಿತು, ನಂಬರಿನಿಂದ ವಿಳಾಸ. ಫ್ರಿಜ್ ರಿಪೇರಿ ಮಾಡುವವನು, ಮನೆಯಲ್ಲಿ ತಂಗಿಯೊಬ್ಬಳು.

ಗುರುವಾರ ಬೆಳಿಗ್ಗೆ ಪೂರ್ವ ಕ್ಯಾಂಪಸ್ಸಿನ ಗೇಟಿನ ಬಳಿ ಸ್ಕೂಟರ್ ನಿಂತಿತು. ರೇಡಿಯೋ ಮುನ್ನುಗ್ಗಿದ. ಮೇಡಂ ಅವನ ತೋಳು ಹಿಡಿದರು.

“ಹುಡುಗಿ ಒಳಗೆ ಹೋಗ್ಲಿ.”

ತಂಗಿ ಮರೆಯಾದ ಮೇಲೆ ಬಂಧಿಸಿದರು. ಅವನು ಓಡಲೂ ಇಲ್ಲ, ಸುಳ್ಳು ಹೇಳಲೂ ಇಲ್ಲ.

“ದಾರಿ ನಂಗೊತ್ತು ಅಂತ ನಾನೇ ಕರ್ಕೊಂಡ್ಹೋದೆ. ಪ್ರವೇಶಪತ್ರ ನೋಡಣ್ಣ ಅಂದ್ಲು, ನೋಡ್ಲಿಲ್ಲ. ಇದು ಅವಳ ಕೊನೇ ಸಲ ಮೇಡಂ. ಆ ಟ್ರಾಫಿಕ್ಕಲ್ಲಿ ಈ ಕಡೆ ಬರೋಕಾಗ್ತಿರ್ಲಿಲ್ಲ. ಪ್ರವೇಶಪತ್ರದಲ್ಲೇ ಇಲ್ಲಿಯ ಫೋನ್ ನಂಬರ್ ಇತ್ತು.”

“ಅವಳಿಗೆ ಗೊತ್ತಾ?”

“ಇಲ್ಲ. ಪರೀಕ್ಷೆ ಮುಂದಕ್ಕೋಯ್ತು ಅಂತ ಗೊತ್ತಾದಾಗ ಖುಷಿಗೆ ನನ್ನ ಬೆನ್ನಿಗೆ ಗುದ್ದಿದ್ಲು.”

ಮೇಡಂ ಮೇಷ್ಟ್ರ ವಿಷಯ ಹೇಳಿದರು. ಅದು ಅವನಿಗೆ ತಿಳಿದಿರಲಿಲ್ಲ. ಯಾರ ಮೇಲೂ ದ್ವೇಷವಿರಲಿಲ್ಲ ಅವನಿಗೆ. ತಾನು ಮಾಡಿದ ಎಡವಟ್ಟಿಗೆ ತಂಗಿ ದಂಡ ತೆರಬಾರದು ಎಂದಷ್ಟೇ ಹೊರಟವನು ಆ ದಂಡವನ್ನು ಮತ್ತೊಬ್ಬರ ಮೈಮೇಲೆ ಹೇರಿದ್ದ.

ಕಡೆಗೆ ಒಂದೇ ಮಾತು ಕೇಳಿದ: “ಈ ಕಡೆಯಿಂದ ಮನೆಗೆ ಯಾವ ಬಸ್ ಅಂತ ಅವಳಿಗೆ ಗೊತ್ತಿಲ್ಲ. ಯಾರಾದ್ರೂ ಹೇಳ್ತೀರಾ?”

ಅವನನ್ನು ಜೀಪಿನಲ್ಲಿ ಕಳಿಸಿ, ಪರೀಕ್ಷೆ ಬಿಡುವವರೆಗೂ ಮೇಡಂ ಗೇಟಿನಲ್ಲೇ ನಿಂತರು.